ಮೊದಲು ಕವರ್, ಆಮೇಲೆ ಕಾರ್ಡ್

ಕೈಯಲ್ಲಿ ಶುಭಾಶಯದ ಕಾರ್ಡ್ ಮಾಡುವುದನ್ನು ಕಲಿಯಲು ಬಂದವರ ಮುಂದೆ ಮೊದಲ ದಿನ ನಾನು ಇಡುವುದು ಬಣ್ಣವಲ್ಲ, ಕತ್ತರಿಯೂ ಅಲ್ಲ. ಒಂದು ಖಾಲಿ ಕವರ್. ಇದಕ್ಕೇನು ಕಲಿಯುವುದು ಅಂತ ಮುಖ ಮುಖ ನೋಡುತ್ತಾರೆ. ಎರಡನೇ ವಾರಕ್ಕೆ ಗೊತ್ತಾಗುತ್ತದೆ.

ಶುರುವಿನ ದಿನಗಳಲ್ಲಿ ನಾನೂ ಕವರ್ ಬಗ್ಗೆ ಯೋಚಿಸಿರಲಿಲ್ಲ. ಚೌಕದ ಕಾರ್ಡ್ ಚೆನ್ನಾಗಿ ಕಾಣುತ್ತದೆ ಅಂತ ನಲವತ್ತು ಕಾರ್ಡ್ ಮಾಡಿದೆ. ಒಂದೊಂದರ ಮೇಲೂ ಮೂರು ಪದರದ ಕಾಗದದ ಹೂವು, ನಡುವೆ ಒಂದು ಮುತ್ತಿನ ಮಣಿ. ಮುಗಿಸಿ ಕವರ್ ಹುಡುಕಿದರೆ ಆ ಅಳತೆಯದು ಎಲ್ಲೂ ಇಲ್ಲ. ಕೊನೆಗೆ ನಾನೇ ನಲವತ್ತು ಕವರ್ ಕತ್ತರಿಸಿ ಅಂಟಿಸಿದೆ. ಸುಮ್ನೆ ಎರಡು ರಾತ್ರಿ ಹೋಯಿತು. ಅಂಚೆಯಲ್ಲಿ ಕಳಿಸಿದ ಒಂದರ ಮಣಿ ದಾರಿಯಲ್ಲೇ ಕವರ್ ಹರಿದುಕೊಂಡು ಹೊರಗೆ ಬಂದಿತ್ತು. ತಗೊಂಡವರು ಹರಿದ ಕವರಿನ ಫೋಟೋ ಕಳಿಸಿದರು, ಬಯ್ಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಆವತ್ತಿನಿಂದ ಲೆಕ್ಕ ಉಲ್ಟಾ. ಸುಲಭವಾಗಿ ಸಿಗುವ ಕವರ್ ಯಾವುದು ನೋಡಿ, ಅದಕ್ಕೆ ಹೊಂದುವ ಕಾರ್ಡ್ ಮಾಡುವುದು. ಎ4 ಹಾಳೆ 210 ಮತ್ತು 297 ಮಿಲಿಮೀಟರ್. ಅದನ್ನು ಅಡ್ಡಕ್ಕೆ ಎರಡು ತುಂಡು ಮಾಡಿ, ಒಂದೊಂದನ್ನೂ ನಡುವೆ ಮಡಚಿದರೆ ಎ6 ಅಳತೆಯ ಎರಡು ಕಾರ್ಡ್. ಅಂದರೆ 105 ಮತ್ತು 148. ಇದಕ್ಕೆ ಸರಿಯಾಗಿ ಹೊಂದುವುದು ಸಿ6 ಕವರ್, 114 ಮತ್ತು 162. ಸುತ್ತ ಉಳಿಯುವ ಆ ಸ್ವಲ್ಪ ಜಾಗ ಸುಮ್ಮನೆ ಬಿಟ್ಟಿದ್ದಲ್ಲ. ಕಾರ್ಡಿನ ಮೇಲೆ ಪದರ ಏರಿದಷ್ಟೂ ಅದು ಕವರನ್ನು ಎಲ್ಲ ಕಡೆಯಿಂದ ಒಳಕ್ಕೆ ಎಳೆಯುತ್ತದೆ. ಚಪ್ಪಟೆ ಕಾರ್ಡ್ ಜಾರಿಕೊಂಡು ಹೋಗುವ ಕವರಿಗೆ, ಫೋಮ್ ಟೇಪ್ ಹಾಕಿ ಎತ್ತರಿಸಿದ ಅದೇ ಅಳತೆಯ ಕಾರ್ಡ್ ತುರುಕಬೇಕಾಗುತ್ತದೆ.

ಇನ್ನೊಂದು ವಿಷಯ. ಬಹಳಷ್ಟು ದೇಶಗಳಲ್ಲಿ ಪತ್ರಗಳನ್ನು ವಿಂಗಡಿಸುವುದು ಮಷಿನ್. ಕವರ್ ರೋಲರ್‌ಗಳ ನಡುವೆ ಬಗ್ಗಿಕೊಂಡು ಓಡಬೇಕು. ಒಳಗೆ ಗುಂಡಿ, ಮಣಿ, ಮರದ ತುಂಡು ಇದ್ದರೆ ಅದು ಬಗ್ಗುವುದೂ ಇಲ್ಲ, ಸುರಕ್ಷಿತವಾಗಿ ತಲುಪುವುದೂ ಇಲ್ಲ. ಚೌಕದ ಕವರಿಗೆ ಕೆಲವು ಕಡೆ ಹೆಚ್ಚಿನ ಅಂಚೆ ದರವೂ ಬೀಳುತ್ತದೆ. ಮಾಡಬಾರದು ಅಂತ ಅಲ್ಲ, ಕೈಗೆ ಕೊಡುವ ಕಾರ್ಡ್ ಬೇರೆ, ಅಂಚೆಗೆ ಹಾಕುವ ಕಾರ್ಡ್ ಬೇರೆ ಅಂತ ಮೊದಲೇ ತೀರ್ಮಾನ ಮಾಡಿ, ಮಾರುವಾಗ ಕೊಳ್ಳುವವರಿಗೂ ಹೇಳಿಬಿಡಿ.

ಈಗ ಕಾಗದದ ವಿಷಯ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಜಾರಾಗುವುದಿಲ್ಲ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ. ಕಾರ್ಡಿನ ಬುಡಕ್ಕೆ, ಅಂದರೆ ಮಡಚುವ ಮುಖ್ಯ ಹಾಳೆಗೆ, 250ರಿಂದ 300 ಸಾಕು. ಅದಕ್ಕಿಂತ ಕಡಿಮೆ ಇದ್ದರೆ ಮೇಲಿನ ಅಲಂಕಾರದ ಭಾರಕ್ಕೆ ಮುಂದಕ್ಕೆ ಬಾಗುತ್ತದೆ, ಮೇಜಿನ ಮೇಲೆ ನಿಲ್ಲಿಸಿದರೆ ನಮಸ್ಕಾರ ಹಾಕಿದ ಹಾಗೆ ಮಲಗಿಬಿಡುತ್ತದೆ. ಆದರೆ ದಪ್ಪ ಕಾಗದ ತಂದವರು ಒಂದು ವಾರದಲ್ಲಿ ವಾಪಸ್ ಬಂದು ಹೇಳುವುದು ಒಂದೇ ಮಾತು: 'ಮಡಚಿದ ಜಾಗದಲ್ಲಿ ಬಿರಿಯುತ್ತದೆ, ಕಾಗದ ಸರಿ ಇಲ್ಲ.'

ಕಾಗದ ಸರಿಯಾಗೇ ಇರುತ್ತದೆ. ಮಡಚಿದ ದಿಕ್ಕು ತಪ್ಪಿರುತ್ತದೆ. ಮಷಿನ್‌ನಲ್ಲಿ ಕಾಗದ ತಯಾರಾಗುವಾಗ ಅದರ ನಾರುಗಳು ಹೆಚ್ಚಾಗಿ ಹಾಳೆ ಓಡುವ ದಿಕ್ಕಿಗೇ ಮಲಗಿಕೊಳ್ಳುತ್ತವೆ. ಆ ದಿಕ್ಕನ್ನೇ ಎಳೆ ಅನ್ನುವುದು. ಸೌದೆ ಸೀಳುವ ಹಾಗೆ ಅಂದುಕೊಳ್ಳಿ, ಎಳೆಯ ಉದ್ದಕ್ಕೆ ಹೋದರೆ ಸಲೀಸು, ಅಡ್ಡಕ್ಕೆ ಹೋದರೆ ಒರಟೊರಟು. ಹಾಳೆಯನ್ನು ಅಂಗೈ ಮೇಲೆ ಇಟ್ಟು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಸ್ವಲ್ಪ ಬಗ್ಗಿಸಿ ನೋಡಿ. ಮಡಚಬೇಡಿ, ಬಗ್ಗಿಸಿ ಅಷ್ಟೇ. ಯಾವ ಕಡೆ ತಡೆ ಕಡಿಮೆಯೋ ಆ ಮಡಿಕೆ ಎಳೆಯ ಜೊತೆಗಿದೆ ಅಂತ ಅರ್ಥ. ಎಳೆ 297ರ ಉದ್ದಕ್ಕೆ ಇರುವ ಎ4 ಹಾಳೆಯಲ್ಲಿ ಮೇಲೆ ಹೇಳಿದ ಎರಡು ಚಿಕ್ಕ ಕಾರ್ಡ್ ಮಾಡಿದರೆ ಮಡಿಕೆ ಎಳೆಯ ಜೊತೆಗೇ ಬೀಳುತ್ತದೆ, ನುಣ್ಣಗೆ ಬರುತ್ತದೆ. ಅದೇ ಹಾಳೆಯನ್ನು ತುಂಡು ಮಾಡದೆ ಒಂದೇ ದೊಡ್ಡ ಕಾರ್ಡಾಗಿ ಮಡಚಿದರೆ ಮಡಿಕೆ ಎಳೆಗೆ ಅಡ್ಡ, ಬಿರಿಯುತ್ತದೆ. ಒಂದೇ ಕಟ್ಟಿನ ಕಾಗದ, ಒಂದು ಕಾರ್ಡ್ ಚೆನ್ನ, ಇನ್ನೊಂದು ಕೆಟ್ಟದ್ದು. ಕಾರಣ ಇಷ್ಟೇ.

ದಿಕ್ಕು ಸರಿ ಇದ್ದರೂ ಮಡಚುವ ಮೊದಲು ಗೀರು ಹಾಕಲೇಬೇಕು. ಸ್ಕೇಲ್ ಇಟ್ಟು, ಮೊಂಡು ತುದಿಯ ಯಾವುದಾದರೂ ಸಾಧನದಿಂದ, ಇಂಕ್ ಮುಗಿದ ಬಾಲ್ ಪೆನ್ ಆದರೂ ನಡೆಯುತ್ತದೆ, ಒಂದು ಗೆರೆ ಒತ್ತಿ ಎಳೆಯಿರಿ. ಗೆರೆ ಒತ್ತಿದ ಕಡೆ ಹಳ್ಳ, ಹಿಂದೆ ಉಬ್ಬು. ಉಬ್ಬು ಒಳಗೆ ಬರುವ ಹಾಗೆ ಮಡಚಬೇಕು. ಹೊಸಬರಲ್ಲಿ ಹತ್ತಕ್ಕೆ ಒಂಬತ್ತು ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಹಳ್ಳ ಒಳಗಿರಬೇಕು ಅಂತ ಅನ್ನಿಸುವುದು ಸಹಜ ಬಿಡಿ, ಆದರೆ ಆ ಉಬ್ಬೇ ಕೀಲಿನ ಹಾಗೆ ಕೆಲಸ ಮಾಡಿ ಹೊರಗಿನ ಮೇಲ್ಮೈ ಎಳೆದು ಹರಿಯದ ಹಾಗೆ ನೋಡಿಕೊಳ್ಳುತ್ತದೆ.

ಅಂಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೀರಿನಂಶ ಇರುವ ಬಿಳಿ ಅಂಟು ದೊಡ್ಡ ಪದರಕ್ಕೆ ಬೇಡ, ನಾರು ನೀರು ಕುಡಿದು ಉಬ್ಬಿ ಕಾಗದ ಅಲೆ ಅಲೆಯಾಗುತ್ತದೆ. ಅಲ್ಲಿ ಡಬಲ್ ಸೈಡ್ ಟೇಪ್ ಹಾಕಿ. ಬಿಳಿ ಅಂಟು ಚಿಕ್ಕ ತುಂಡುಗಳಿಗೆ, ಅದೂ ಚುಕ್ಕೆಯಷ್ಟೇ. ಗ್ಲಿಟರ್ ಪುಡಿ ಉದುರುವ ಕಾರ್ಡನ್ನು ಯಾರೂ ಎರಡನೇ ಸಲ ಕೊಳ್ಳುವುದಿಲ್ಲ.

ಇನ್ನು ಕಾರ್ಡಿನ ಒಳಗು. ನಾನು ಹೆಚ್ಚು ಜಗಳ ಆಡುವುದು ಇದರ ಬಗ್ಗೆಯೇ. 1843ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೋಲ್ ಅನ್ನುವವರು ಕಲಾವಿದ ಜಾನ್ ಹಾರ್ಸ್ಲಿ ಅವರಿಂದ ಚಿತ್ರ ಬರೆಸಿ ಸುಮಾರು ಒಂದು ಸಾವಿರ ಕ್ರಿಸ್‌ಮಸ್ ಕಾರ್ಡ್ ಅಚ್ಚು ಹಾಕಿಸಿದರು. ಅಚ್ಚು ಹಾಕಿ ಮಾರಿದ ಮೊದಲ ಕ್ರಿಸ್‌ಮಸ್ ಕಾರ್ಡ್ ಅಂತ ಹೇಳುವುದು ಅದನ್ನೇ. ಚಿತ್ರಕ್ಕೆ ಬಣ್ಣ ತುಂಬಿದ್ದು ಕೈಯಲ್ಲಿ. ನನಗೆ ಅದರಲ್ಲಿ ಇಷ್ಟವಾಗುವುದು ಚಿತ್ರ ಅಲ್ಲ, ಯಾರಿಗೆ ಮತ್ತು ಯಾರಿಂದ ಅಂತ ಬರೆಯಲು ಬಿಟ್ಟಿರುವ ಎರಡು ಖಾಲಿ ಜಾಗ. ಕೊಂಡವರು ಅದರಲ್ಲಿ ಹೆಸರು ಬರೆಯದೆ ಆ ಕಾರ್ಡ್ ಪೂರ್ತಿಯಾಗುವುದಿಲ್ಲ, ಅಲ್ವಾ?

ನಮ್ಮ ಹವ್ಯಾಸಿಗಳು ಮರೆಯುವುದು ಈ ಜಾಗವನ್ನೇ. ಒಳಗೂ ಬಳ್ಳಿ, ಒಳಗೂ ಕವಿತೆ, ಕಡುನೀಲಿ ಕಾಗದ. ಸಾಮಾನ್ಯ ಪೆನ್ನಿನಲ್ಲಿ ಬರೆದರೆ ಕಾಣುವುದಿಲ್ಲ. ಹೊಳೆಯುವ ಕಾಗದದ ಮೇಲಾದರೆ ಇಂಕ್ ಹೀರುವುದಿಲ್ಲ, ಕೈ ತಾಗಿ ಒರೆಸಿಹೋಗುತ್ತದೆ. ಬಣ್ಣದ ಕಾರ್ಡ್ ಮಾಡಿ, ಬೇಡ ಅನ್ನುವುದಿಲ್ಲ, ಆದರೆ ಒಳಗೆ 90 ಅಥವಾ 100 ಜಿಎಸ್‌ಎಂನ ಒಂದು ಬಿಳಿ ಹಾಳೆ ಮಡಚಿ ಸೇರಿಸಿ. ಅಂಚಿನಲ್ಲಿ ಸುತ್ತ ಮೂರ್ನಾಲ್ಕು ಮಿಲಿಮೀಟರ್ ಕಡಿಮೆ ಇರಲಿ. ಮಡಿಕೆಯ ಪಕ್ಕದಲ್ಲಿ, ಹಿಂದಿನ ಭಾಗಕ್ಕೆ ಮಾತ್ರ, ಒಂದು ಸಣ್ಣ ಪಟ್ಟಿಯಷ್ಟೇ ಅಂಟಿಸಿ. ಪೂರ್ತಿ ಅಂಟಿಸಿದರೆ ಕಾರ್ಡ್ ತೆರೆದು ಮುಚ್ಚುವಾಗ ಸುಕ್ಕು ಬೀಳುತ್ತದೆ. ಮಾರಾಟದ ಮೇಜಿನ ಹಿಂದೆ ಕೂತು ಒಂದು ದಿನ ಜನರ ಕೈಗಳನ್ನು ಗಮನಿಸಿ. ಮೊದಲು ಮುಂದುಗಡೆ ನೋಡುತ್ತಾರೆ, ಆಮೇಲೆ ತೆರೆಯುತ್ತಾರೆ, ಒಳಗೆ ತಮಗೆ ಜಾಗ ಇಲ್ಲ ಅನ್ನಿಸಿದರೆ 'ಚೆನ್ನಾಗಿದೆ' ಅಂತ ಹೇಳಿ ಮೆತ್ತಗೆ ಇಟ್ಟು ಹೋಗುತ್ತಾರೆ.

ಅದೇ ಕಾರಣಕ್ಕೆ, ಮೇಲೆ ಏನೂ ಬರೆಯದ ಕಾರ್ಡುಗಳನ್ನು ಯಾವಾಗಲೂ ಒಂದಷ್ಟು ಇಟ್ಟುಕೊಂಡಿರಿ. ಹುಟ್ಟುಹಬ್ಬದ್ದು ವರ್ಷವಿಡೀ ಹೋಗುತ್ತದೆ. ಸಾವಿನ ಮನೆಗೆ, ಕಾಯಿಲೆ ಬಿದ್ದವರಿಗೆ ಕಳಿಸುವಂಥ ಸದ್ದಿಲ್ಲದ ಕಾರ್ಡ್ ಮಾಡುವವರು ಕಡಿಮೆ, ಹುಡುಕುವವರು ಮಾತ್ರ ಇದ್ದೇ ಇರುತ್ತಾರೆ.

ಬೆಲೆ ಎಷ್ಟು ಇಡಬೇಕು ಅಂತ ಎಲ್ಲರೂ ಕೇಳುತ್ತಾರೆ. ನಾನು ವಾಪಸ್ ಕೇಳುವುದು, ಒಂದು ಕಾರ್ಡಿಗೆ ಎಷ್ಟು ನಿಮಿಷ? ಯಾರಿಗೂ ಗೊತ್ತಿರುವುದಿಲ್ಲ. ಟಿವಿ ನೋಡುತ್ತಾ ಮಾಡಿದೆ, ಲೆಕ್ಕ ಇಟ್ಟಿಲ್ಲ ಅನ್ನುತ್ತಾರೆ. ಗಡಿಯಾರ ಇಟ್ಟುಕೊಂಡು ಹತ್ತು ಕಾರ್ಡ್ ಒಟ್ಟಿಗೆ ಮಾಡಿ ನೋಡಿ. ಮೊದಲು ಹತ್ತನ್ನೂ ಕತ್ತರಿಸಿ, ಆಮೇಲೆ ಹತ್ತಕ್ಕೂ ಗೀರು, ಆಮೇಲೆ ಹತ್ತಕ್ಕೂ ಹೂವು. ಒಂದೊಂದಾಗಿ ಮಾಡಿದಾಗ ಐವತ್ತು ನಿಮಿಷ ತಿಂದದ್ದು ಹೀಗೆ ಮಾಡಿದರೆ ಇಪ್ಪತ್ತಕ್ಕೆ ಇಳಿದದ್ದನ್ನು ನಾನೇ ನೋಡಿದ್ದೇನೆ. ಇದೇನೂ ಹೊಸ ಉಪಾಯವಲ್ಲ. 19ನೇ ಶತಮಾನದ ಮಧ್ಯದಲ್ಲಿ ಅಮೆರಿಕದ ವುಸ್ಟರ್‌ನಲ್ಲಿ ಎಸ್ತರ್ ಹೌಲೆಂಡ್ ಲೇಸ್ ಕಾಗದದ ವ್ಯಾಲೆಂಟೈನ್ ಕಾರ್ಡ್ ಮಾಡುತ್ತಿದ್ದರು. ಆರ್ಡರ್ ಜಾಸ್ತಿಯಾದಾಗ ಗೆಳತಿಯರನ್ನು ಮನೆಗೆ ಕರೆದು, ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಂಚಿದರು.

ನಿಮಿಷ ಗೊತ್ತಾದ ಮೇಲೆ ಅದಕ್ಕೆ ನೀವೇ ಒಂದು ಕೂಲಿ ಕಟ್ಟಿ, ಕಾಗದ, ಕವರ್, ಟೇಪ್, ಪ್ಲಾಸ್ಟಿಕ್ ಹೊದಿಕೆ ಸೇರಿಸಿ, ಕೈತಪ್ಪಿ ಹಾಳಾದದ್ದರ ಪಾಲನ್ನೂ ಹಾಕಿ. ಬರುವ ಮೊತ್ತ ನೋಡಿ ನೀವೇ ಹೆದರಿದರೆ ಬೆಲೆ ಇಳಿಸಬೇಡಿ, ಕಾರ್ಡಿನಿಂದ ಒಂದು ಪದರ ಇಳಿಸಿ. ಅಂಗಡಿಗೆ ಕೊಡುವ ಆಸೆ ಇದ್ದರೆ ಇನ್ನೊಂದು ಲೆಕ್ಕ ಇದೆ. ಮಾರುವ ಬೆಲೆಯ ಅರ್ಧದ ಹತ್ತಿರಕ್ಕೆ ಕೊಡಿ ಅಂತ ಅಂಗಡಿಯವರು ಕೇಳುವುದು ಮಾಮೂಲು, ಬಾಡಿಗೆ, ಕರೆಂಟು ಎಲ್ಲ ಅವರದ್ದು ತಾನೇ. ಆ ಅರ್ಧದಲ್ಲೂ ನಿಮ್ಮ ಕೂಲಿ ಹುಟ್ಟದಿದ್ದರೆ ಆ ವಿನ್ಯಾಸ ಅಂಗಡಿಗೆ ಕೊಡಬೇಡಿ, ನೇರವಾಗಿ ಮಾರಿ. ಮಾರಿದ ಮೇಲೆ ದುಡ್ಡು ಅನ್ನುವವರ ಹತ್ತಿರ ಎಷ್ಟು ಕಾರ್ಡ್ ಇಟ್ಟಿರಿ, ಯಾವ ದಿನ ಇಟ್ಟಿರಿ ಅಂತ ಚೀಟಿ ಬರೆಸಿಕೊಳ್ಳಿ. ಸ್ನೇಹ ಇದ್ದರಂತೂ ಖಂಡಿತ ಬರೆಸಿಕೊಳ್ಳಿ.

ಮಕ್ಕಳಿಗೆ ಇಷ್ಟ ಅಂತ ಕಾರ್ಟೂನ್ ಗೊಂಬೆಗಳ ಚಿತ್ರ, ಹಾಡಿನ ಸಾಲು ಹಾಕಿ ಮಾರಲು ಹೋಗಬೇಡಿ. ಮನೆಯಲ್ಲಿ ಮಗುವಿಗೆ ಮಾಡಿ ಕೊಡುವುದು ಒಂದು, ದುಡ್ಡಿಗೆ ಮಾರುವುದು ಇನ್ನೊಂದು. ಕೊಂಡು ತಂದ ರಬ್ಬರ್ ಸ್ಟಾಂಪಿನ ವಿನ್ಯಾಸಕ್ಕೂ ಒಡೆಯರಿರುತ್ತಾರೆ. ಕೈಯಲ್ಲಿ ಒತ್ತಿದ ಕಾರ್ಡನ್ನು ಮಾರಲು ಕೆಲವು ಕಂಪನಿಗಳು ಬಿಡುತ್ತವೆ, ಕೆಲವು ಮಿತಿ ಹಾಕುತ್ತವೆ, ಹಾಗಾಗಿ ಮಾರುವ ಮೊದಲು ಅವರ ನಿಯಮ ಓದಿಕೊಳ್ಳಿ.

ಕೊನೆಗೆ ಒಂದು ಅಭ್ಯಾಸ ಹೇಳುತ್ತೇನೆ. ಪ್ರತಿ ವಿನ್ಯಾಸದ ಒಂದು ಕಾರ್ಡನ್ನು ಮಾರದೆ ಇಟ್ಟುಕೊಂಡು ಅದರ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಡಿ: ಯಾವ ಕಾಗದ, ಎಳೆ ಯಾವ ಕಡೆ, ಯಾವ ಅಂಟು, ಎಷ್ಟು ನಿಮಿಷ. ಆರು ತಿಂಗಳಾದ ಮೇಲೆ ಯಾರೋ ಫೋನ್ ಮಾಡಿ 'ಆವತ್ತಿನ ಹಳದಿ ಹೂವಿನದು ಇನ್ನು ಇಪ್ಪತ್ತು ಬೇಕಿತ್ತು' ಅನ್ನುತ್ತಾರೆ. ಆಗ ಯಾವ ಹಳದಿ ಅಂತ ನೆನಪು ಕೆದಕುತ್ತಾ ಕೂರಬೇಕಿಲ್ಲ.