ಅರ್ಧ ತೆರೆದ ಮಾರುಕಟ್ಟೆಯಲ್ಲಿ ಅನಿಲಕ್ಕೆ ಹೂಡುವ ಹಣ

2020ರ ಅಕ್ಟೋಬರ್‌ನಲ್ಲಿ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿಯ ಹಳೆಯ ಬಾವಿಗಳಿಂದ ಬರುವ ನೈಸರ್ಗಿಕ ಅನಿಲಕ್ಕೆ ಕೇಂದ್ರ ಸರ್ಕಾರ ಗೊತ್ತುಪಡಿಸಿದ ಬೆಲೆ ದಶಲಕ್ಷ ಬಿಟಿಯುಗೆ (ಬಿಟಿಯು ಎಂದರೆ ಶಾಖಶಕ್ತಿಯ ಒಂದು ಅಳತೆ) 1.79 ಡಾಲರ್ ಇತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ, 2022ರ ಅಕ್ಟೋಬರ್‌ನಲ್ಲಿ, ಅದೇ ಬಾವಿಗಳ ಅದೇ ಅನಿಲದ ಬೆಲೆ 8.57 ಡಾಲರ್‌ಗೆ ಏರಿತು. ಈ ಎರಡು ವರ್ಷಗಳಲ್ಲಿ ಅರಬ್ಬಿ ಸಮುದ್ರದ ತಳದಲ್ಲಿ ಏನೂ ಬದಲಾಗಿರಲಿಲ್ಲ. 2014ರಲ್ಲಿ ರೂಪಿಸಿದ ಸೂತ್ರವು ಅಮೆರಿಕ, ಕೆನಡಾ, ಬ್ರಿಟನ್ ಮತ್ತು ರಷ್ಯಾಗಳ ಅನಿಲ ಬೆಲೆಗಳನ್ನು ಕೂಡಿಸಿ, ತೂಗಿ, ಆರು ತಿಂಗಳಿಗೊಮ್ಮೆ ಭಾರತದ ಬೆಲೆಯನ್ನು ಹೇಳುತ್ತಿತ್ತು. ಆ ದೇಶಗಳಲ್ಲಿ ಮೊದಲು ಕೋವಿಡ್‌ನಿಂದ ಬೇಡಿಕೆ ಬಿದ್ದುಹೋಯಿತು, ಆಮೇಲೆ ಯುಕ್ರೇನ್ ಯುದ್ಧದಿಂದ ಬೆಲೆ ಮುಗಿಲು ಮುಟ್ಟಿತು. 1.79 ಡಾಲರ್ ತನ್ನ ಉತ್ಪಾದನಾ ವೆಚ್ಚಕ್ಕೂ ಸಾಲದು ಎಂದು ಒಎನ್‌ಜಿಸಿ ಹೇಳುತ್ತಲೇ ಇತ್ತು. ಭಾರತದ ಅನಿಲ ಕ್ಷೇತ್ರದಲ್ಲಿ ಹಣ ಹೂಡಬೇಕೆಂದಿರುವವರು ಭೂಗರ್ಭದ ನಕ್ಷೆಯನ್ನು ಬಿಡಿಸುವ ಮೊದಲು ಈ ಸೂತ್ರಗಳ ಇತಿಹಾಸವನ್ನು ಓದಿಕೊಳ್ಳುವುದು ಒಳ್ಳೆಯದು.

ದೇಶದ ಪ್ರಾಥಮಿಕ ಇಂಧನ ಬಳಕೆಯಲ್ಲಿ ಅನಿಲದ ಪಾಲು ಇಂದು ಶೇ. 6ರಿಂದ 7ರಷ್ಟಿದೆ, ಅದನ್ನು 2030ರ ವೇಳೆಗೆ ಶೇ. 15ಕ್ಕೆ ಏರಿಸುವುದು ಸರ್ಕಾರದ ಘೋಷಿತ ಗುರಿ. ಆ ಗುರಿ ಅಷ್ಟು ಬೇಗ ಕೈಗೂಡೀತೆಂದು ನನಗೆ ಅನ್ನಿಸುವುದಿಲ್ಲ. ಆದರೂ ಅಂತಾರಾಷ್ಟ್ರೀಯ ಇಂಧನ ಸಂಸ್ಥೆ 2025ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಭಾರತದ ಅನಿಲ ಬಳಕೆ ಈ ದಶಕದ ಕೊನೆಗೆ ಸುಮಾರು ಶೇ. 60ರಷ್ಟು ಹೆಚ್ಚಲಿದೆ ಮತ್ತು ದ್ರವೀಕೃತ ಅನಿಲದ ಆಮದು ಇಮ್ಮಡಿಗೂ ಮೀರಲಿದೆ. ಇಷ್ಟೊಂದು ಅನಿಲ ಬರಬೇಕಾದರೆ ಬಾವಿ, ಹಡಗುಕಟ್ಟೆ, ಕೊಳವೆ, ನಗರ ಜಾಲ ಎಲ್ಲಕ್ಕೂ ಬಂಡವಾಳ ಬೇಕು. ಪ್ರಶ್ನೆ ಇರುವುದು ಈ ಸರಪಳಿಯ ಯಾವ ಕೊಂಡಿಯಲ್ಲಿ ಲಾಭ ನಿಲ್ಲುತ್ತದೆ, ಯಾವುದರಲ್ಲಿ ಸೋರಿಹೋಗುತ್ತದೆ ಎಂಬುದರಲ್ಲಿ.

ಅದಕ್ಕೆ ಉತ್ತರ ಹುಡುಕಲು ಸ್ವಲ್ಪ ಭೌತವಿಜ್ಞಾನ ಬೇಕಾಗುತ್ತದೆ. ಸಾಮಾನ್ಯ ಉಷ್ಣತೆ ಮತ್ತು ಒತ್ತಡದಲ್ಲಿ ಒಂದು ಘನ ಮೀಟರ್ ಅನಿಲ, ಅಂದರೆ ಸಾವಿರ ಲೀಟರಿನಷ್ಟು ಜಾಗ ಹಿಡಿಯುವ ಅನಿಲ, ಹೆಚ್ಚುಕಡಿಮೆ ಒಂದು ಲೀಟರ್ ಡೀಸೆಲ್‌ನಷ್ಟೇ ಶಕ್ತಿ ಕೊಡುತ್ತದೆ. ಹೀಗಾಗಿ ಕಲ್ಲಿದ್ದಲನ್ನು ಅಂಗಳದಲ್ಲಿ ರಾಶಿ ಹಾಕಿಟ್ಟಂತೆ ಅನಿಲವನ್ನು ಕೂಡಿಡಲಾಗದು. ಅದನ್ನು ಅಧಿಕ ಒತ್ತಡದಲ್ಲಿ ಉಕ್ಕಿನ ಕೊಳವೆಗೆ ತುಂಬಬೇಕು, ಇಲ್ಲವೇ ಮೈನಸ್ 162 ಡಿಗ್ರಿ ಸೆಲ್ಸಿಯಸ್‌ಗೆ ತಂಪುಗೊಳಿಸಿ, ಗಾತ್ರವನ್ನು ಆರುನೂರರಲ್ಲಿ ಒಂದು ಪಾಲಿಗೆ ಇಳಿಸಿ, ಹಡಗಿನಲ್ಲಿ ಸಾಗಿಸಬೇಕು. ಎರಡೂ ದುಬಾರಿ. ಯುರೋಪಿನ ದೇಶಗಳು ಬರಿದಾದ ಬಾವಿಗಳಲ್ಲೂ ಉಪ್ಪಿನ ಗುಹೆಗಳಲ್ಲೂ ತಿಂಗಳುಗಟ್ಟಲೆ ಬಳಕೆಗಾಗುವಷ್ಟು ಅನಿಲವನ್ನು ದಾಸ್ತಾನು ಮಾಡುತ್ತವೆ. ಭಾರತದಲ್ಲಿ ಅಂಥ ಭೂಗತ ದಾಸ್ತಾನಿನ ವ್ಯವಸ್ಥೆ ಇಲ್ಲ. ನಮ್ಮ ದಾಸ್ತಾನೆಂದರೆ ಹಡಗುಗಳು ದ್ರವೀಕೃತ ಅನಿಲವನ್ನು ತಂದಿಳಿಸುವ ಆಮದು ಕಟ್ಟೆಗಳ ತೊಟ್ಟಿಗಳು ಮತ್ತು ಕೊಳವೆಯೊಳಗೇ ಇರುವ ಅನಿಲ, ಅಷ್ಟೇ.

ಕೊಳವೆಗೆ ಇನ್ನೊಂದು ವಿಶೇಷ ಗುಣವಿದೆ. ಅದರ ವ್ಯಾಸವನ್ನು ಎರಡರಷ್ಟು ಮಾಡಿದರೆ, ಅದೇ ಒತ್ತಡದಲ್ಲಿ, ಒಳಗೆ ಹರಿಯಬಲ್ಲ ಅನಿಲ ಸುಮಾರು ಐದೂವರೆ ಪಟ್ಟಾಗುತ್ತದೆ. ಬೇಕಾಗುವ ಉಕ್ಕು ನಾಲ್ಕು ಪಟ್ಟು. ಕಂದಕ ತೋಡುವ, ಜಮೀನಿನ ಹಕ್ಕು ಪಡೆಯುವ ಖರ್ಚಂತೂ ಅದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲಿ ಏರುತ್ತದೆ. ಎರಡು ಸಣ್ಣ ಕೊಳವೆಗಳು ಪೈಪೋಟಿಗೆ ಬಿದ್ದು ಅಕ್ಕಪಕ್ಕದಲ್ಲಿ ಸಾಗುವುದಕ್ಕಿಂತ ಒಂದೇ ದೊಡ್ಡ ಕೊಳವೆ ಯಾವಾಗಲೂ ಅಗ್ಗ. ಆದ್ದರಿಂದ ಒಂದು ಮಾರ್ಗದಲ್ಲಿ ಕೊಳವೆ ಹಾಕಿದವರು ಸಹಜವಾಗಿಯೇ ಏಕಸ್ವಾಮ್ಯ ಪಡೆಯುತ್ತಾರೆ, ಅವರು ಕೇಳುವ ಬಾಡಿಗೆಗೆ ಯಾರಾದರೂ ಕಡಿವಾಣ ಹಾಕಬೇಕಾಗುತ್ತದೆ. 2006ರ ಕಾಯ್ದೆಯಡಿ ರಚನೆಯಾದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ಈ ಕೆಲಸಕ್ಕಾಗಿಯೇ ಇದೆ. ತೊಡಗಿಸಿದ ಬಂಡವಾಳದ ಮೇಲೆ, ತೆರಿಗೆ ಕಳೆದು ಶೇ. 12ರ ಪ್ರತಿಫಲ ಸಿಗುವಂತೆ ಕೊಳವೆಯ ಸಾಗಣೆ ದರವನ್ನು ಅದು ಲೆಕ್ಕ ಹಾಕುತ್ತದೆ.

ಶೇ. 12 ಎಂದರೆ ಕೇಳಲು ಭದ್ರವಾದ ಆದಾಯ. ಆದರೆ ಆ ಲೆಕ್ಕಾಚಾರ ಕೊಳವೆ ಒಂದು ನಿರ್ದಿಷ್ಟ ಮಟ್ಟಕ್ಕೆ ತುಂಬಿ ಹರಿಯುತ್ತದೆಂದು ಮೊದಲೇ ಊಹಿಸಿಕೊಂಡಿರುತ್ತದೆ. ಅಷ್ಟು ಅನಿಲ ಬಾರದಿದ್ದರೆ ನಷ್ಟ ಹೂಡಿಕೆದಾರರದೇ. ಇದಕ್ಕೆ ಆಂಧ್ರದ ಕಾಕಿನಾಡದಿಂದ ಗುಜರಾತಿನ ಭರೂಚ್‌ವರೆಗೆ ಸುಮಾರು 1,400 ಕಿ.ಮೀ. ಉದ್ದಕ್ಕೆ ಸಾಗುವ, ನಡುವೆ ಕರ್ನಾಟಕದ ಉತ್ತರ ತುದಿಯನ್ನೂ ಹಾದುಹೋಗುವ ಪೂರ್ವ-ಪಶ್ಚಿಮ ಕೊಳವೆ ಮಾರ್ಗಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ರಿಲಯನ್ಸ್ ಕಂಪನಿಯ ಕೃಷ್ಣಾ-ಗೋದಾವರಿ ಕಣಿವೆಯ ಡಿ6 ಕ್ಷೇತ್ರದಲ್ಲಿ 2009ರ ಏಪ್ರಿಲ್‌ನಲ್ಲಿ ಉತ್ಪಾದನೆ ಆರಂಭವಾಯಿತು, ಮರುವರ್ಷ ದಿನಕ್ಕೆ 6 ಕೋಟಿ ಘನ ಮೀಟರ್ ದಾಟಿತು. ಆ ಅನಿಲವನ್ನು ಪಶ್ಚಿಮಕ್ಕೆ ಒಯ್ಯಲೆಂದೇ ನಾಲ್ಕು ಅಡಿ ವ್ಯಾಸದ ಈ ಕೊಳವೆ ಸಿದ್ಧವಾಗಿತ್ತು. ಅದೇ ಅನಿಲವನ್ನು ನಂಬಿ ದೇಶದಾದ್ಯಂತ ವಿದ್ಯುತ್ ಸ್ಥಾವರಗಳು ಎದ್ದವು, ಬ್ರಿಟನ್ನಿನ ಬಿಪಿ ಕಂಪನಿ 2011ರಲ್ಲಿ 720 ಕೋಟಿ ಡಾಲರ್ ಕೊಟ್ಟು ರಿಲಯನ್ಸ್‌ನ ತೈಲ-ಅನಿಲ ವಲಯಗಳಲ್ಲಿ ಶೇ. 30ರ ಪಾಲು ಕೊಂಡಿತು. ಆದರೆ ಬಾವಿಗಳಲ್ಲಿ ನೀರು, ಮರಳು ನುಗ್ಗಿ ಒತ್ತಡ ಕುಸಿಯಿತು. ಕೆಲವೇ ವರ್ಷಗಳಲ್ಲಿ ಉತ್ಪಾದನೆ ಕಾಲುಭಾಗಕ್ಕೆ ಇಳಿದು, 2020ರ ಫೆಬ್ರವರಿಯಲ್ಲಿ ಆ ಮೊದಲ ಬಾವಿಗಳು ಸಂಪೂರ್ಣ ನಿಂತವು. ಸುಮಾರು 14,000 ಮೆಗಾವಾಟ್ ಸಾಮರ್ಥ್ಯದ ಸ್ಥಾವರಗಳು ಅನಿಲವಿಲ್ಲದೆ ನಿಶ್ಚಲವಾದವು, ಅವುಗಳ ಸಾಲ ಬ್ಯಾಂಕುಗಳ ತಲೆಯ ಮೇಲೆ ಬಂತು.

ಇಲ್ಲಿಂದ ಮುಂದಿನ ಕಥೆಯೇ ಹೆಚ್ಚು ಕುತೂಹಲಕರ. ಬರಿದಾಗುತ್ತಿದ್ದ ಕೊಳವೆಯನ್ನು 2019ರಲ್ಲಿ ಕೆನಡಾದ ಬ್ರೂಕ್‌ಫೀಲ್ಡ್ ನೇತೃತ್ವದ ಹೂಡಿಕೆ ಟ್ರಸ್ಟ್ 13,000 ಕೋಟಿ ರೂಪಾಯಿಗೆ ಕೊಂಡಿತು. ಅಷ್ಟು ಹಣ ಕೊಡುವ ಧೈರ್ಯ ಅವರಿಗೆ ಬಂದದ್ದು ಒಂದು ಕಾಗದದಿಂದ: ಕಾಯ್ದಿರಿಸಿದ ಸಾಮರ್ಥ್ಯಕ್ಕೆ, ಅನಿಲ ಹರಿಯಲಿ ಬಿಡಲಿ, ರಿಲಯನ್ಸ್ ದೀರ್ಘಕಾಲ ಹಣ ಪಾವತಿಸುವುದೆಂಬ ಒಪ್ಪಂದದಿಂದ. ಮುಂದೆ ಅದೇ ಕಡಲಿನಲ್ಲಿ ಆರ್-ಕ್ಲಸ್ಟರ್, ಸ್ಯಾಟಲೈಟ್ ಕ್ಲಸ್ಟರ್ ಮತ್ತು ಎಂಜೆ ಎಂಬ ಹೊಸ ನಿಕ್ಷೇಪಗಳಿಂದ 2020ರ ಡಿಸೆಂಬರ್‌ನಿಂದೀಚೆಗೆ ಅನಿಲ ಬಂದು ಕೊಳವೆ ಮತ್ತೆ ತುಂಬತೊಡಗಿದ್ದು ಬೇರೆ ಮಾತು. ಭೂಗರ್ಭದ ಅಪಾಯವನ್ನು ಒಪ್ಪಂದದ ಮೂಲಕ ಇನ್ನೊಬ್ಬರ ಹೆಗಲಿಗೆ ದಾಟಿಸಿದವರಿಗೆ ಇಲ್ಲಿ ನೆಮ್ಮದಿಯಿತ್ತು. ವಿದ್ಯುತ್ ಸ್ಥಾವರ ಕಟ್ಟಿದವರಿಗೆ ಸರ್ಕಾರದ ಹಂಚಿಕೆಪತ್ರವಷ್ಟೇ ಇತ್ತು.

ಕೊಳವೆ ಕ್ಷೇತ್ರದ ದೊಡ್ಡ ಸುಧಾರಣೆ ಬಂದದ್ದು 2023ರ ಏಪ್ರಿಲ್ 1ರಂದು. ಅಲ್ಲಿಯವರೆಗೆ ಅನಿಲ ಎರಡು ಮೂರು ಕೊಳವೆ ಮಾರ್ಗಗಳನ್ನು ದಾಟಿ ಬಂದರೆ ಪ್ರತಿಯೊಂದಕ್ಕೂ ಬೇರೆ ಬೇರೆ ದರ ತೆರಬೇಕಿತ್ತು. ಆಮದು ಕಟ್ಟೆಗಳ ಬಳಿಯಿದ್ದ ಗುಜರಾತಿನ ಕಾರ್ಖಾನೆಗೆ ಅಗ್ಗ, ದೂರದ ಊರಿನ ಕಾರ್ಖಾನೆಗೆ ದುಬಾರಿ. ಏಕೀಕೃತ ದರ ಪದ್ಧತಿಯಲ್ಲಿ ಜೋಡಣೆಗೊಂಡ ಮಾರ್ಗಗಳನ್ನೆಲ್ಲ ಒಂದೇ ಜಾಲವೆಂದು ಪರಿಗಣಿಸಿ, 300 ಕಿ.ಮೀ.ವರೆಗೆ, 300ರಿಂದ 1,200 ಕಿ.ಮೀ., ಅದರಾಚೆ ಎಂದು ಮೂರು ವಲಯ ಮಾಡಿದರು. ಸರಾಸರಿ ದರ ದಶಲಕ್ಷ ಬಿಟಿಯುಗೆ 73.93 ರೂಪಾಯಿ ಎಂದು ಆರಂಭವಾಯಿತು. 2025ರ ತಿದ್ದುಪಡಿ ಮೂರು ವಲಯಗಳನ್ನು ಎರಡಕ್ಕೆ ಇಳಿಸಿತು. ಇದು ದೂರದವರಿಗೆ ಹತ್ತಿರದವರು ಕೊಡುವ ಸಹಾಯಧನವೆಂಬುದು ನಿಜ. ಆದರೆ ಒಳನಾಡಿನ ಬೇಡಿಕೆ ಬೆಳೆಯದೆ ಒಳನಾಡಿನ ಕೊಳವೆಗೆ ಬಂಡವಾಳ ಬರುವುದಿಲ್ಲವಾದ್ದರಿಂದ ಈ ಸಹಾಯಧನಕ್ಕೆ ಅರ್ಥವಿದೆ.

ಕರ್ನಾಟಕದ ಅನುಭವ ಇದನ್ನು ಚೆನ್ನಾಗಿ ತೋರಿಸುತ್ತದೆ. ರತ್ನಗಿರಿ ಜಿಲ್ಲೆಯ ದಾಭೋಳದಿಂದ ಬೆಳಗಾವಿ, ಧಾರವಾಡ, ಗದಗ, ದಾವಣಗೆರೆ, ತುಮಕೂರುಗಳ ಮೂಲಕ ಬೆಂಗಳೂರಿಗೆ ಬರುವ, ಸರ್ಕಾರಿ ಅನಿಲ ಕಂಪನಿಯಾದ ಗೇಲ್ ಸಂಸ್ಥೆಯ ಸುಮಾರು 1,000 ಕಿ.ಮೀ. ಕೊಳವೆ 2013ರಲ್ಲಿ ಕಾರ್ಯಾರಂಭ ಮಾಡಿತು. ಆದರೆ ಅದರ ಮೂಲದಲ್ಲಿರುವ ದಾಭೋಳ ಕಟ್ಟೆಗೆ ವರ್ಷಗಟ್ಟಲೆ ಅಲೆತಡೆ ಗೋಡೆ ಇರಲಿಲ್ಲ, ಮಳೆಗಾಲದಲ್ಲಿ ಹಡಗು ಕಟ್ಟುವಂತಿರಲಿಲ್ಲ. ಇತ್ತ ಕೊಚ್ಚಿಯ ಕಟ್ಟೆಯದು ಇದಕ್ಕೆ ತಿರುವುಮುರುವಾದ ಸ್ಥಿತಿ: ವರ್ಷಕ್ಕೆ 50 ಲಕ್ಷ ಟನ್ ಸಾಮರ್ಥ್ಯದ ಆ ಕಟ್ಟೆ 2013ರಲ್ಲೇ ಸಿದ್ಧವಾದರೂ ಹೊರಹೋಗುವ ಕೊಳವೆ ಇರಲಿಲ್ಲ. ಕೇರಳದಲ್ಲಿ ಜಮೀನಿನ ಪ್ರತಿಭಟನೆಗಳು, ತಮಿಳುನಾಡಿನಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋದ ವ್ಯಾಜ್ಯ ಎಲ್ಲ ಸೇರಿ, 450 ಕಿ.ಮೀ.ನ ಕೊಚ್ಚಿ-ಮಂಗಳೂರು ಮಾರ್ಗ ಉದ್ಘಾಟನೆಗೊಂಡದ್ದು 2021ರ ಜನವರಿ 5ರಂದು. ಮಂಗಳೂರಿನ ರಸಗೊಬ್ಬರ ಕಾರ್ಖಾನೆ ಕಚ್ಚಾತೈಲದಿಂದ ತೆಗೆಯುವ ನಾಫ್ತಾದಿಂದ ಅನಿಲಕ್ಕೆ ಬದಲಾದದ್ದು ಈ ಕೊಳವೆ ಬಂದ ಮೇಲೆ. ನಡುವಿನ ವರ್ಷಗಳಲ್ಲಿ ಆ ಕಟ್ಟೆ ತನ್ನ ಸಾಮರ್ಥ್ಯದ ಸಣ್ಣದೊಂದು ಪಾಲನ್ನಷ್ಟೇ ಬಳಸುತ್ತ, ಸವಕಳಿಯ ಲೆಕ್ಕವನ್ನು ಮಾತ್ರ ಪೂರ್ತಿ ಬರೆಯುತ್ತ ಕೂತಿತ್ತು. ಗುಜರಾತಿನ ದಹೇಜ್ ಕಟ್ಟೆಯೂ ಕೊಚ್ಚಿ ಕಟ್ಟೆಯ ಒಡೆಯನಾದ ಪೆಟ್ರೊನೆಟ್ ಕಂಪನಿಗೇ ಸೇರಿದ್ದು. ಸುತ್ತ ಕೊಳವೆಗಳ ಜಾಲವಿದ್ದ ಕಾರಣ ಅದು ವಿಸ್ತರಣೆಯಾಗುತ್ತಲೇ ಬಂದಿದೆ.

ಈಗ ನಗರಗಳ ಅನಿಲ ವಿತರಣೆಗೆ ಬರೋಣ, ಏಕೆಂದರೆ ಸಣ್ಣ ಹೂಡಿಕೆದಾರರು ಷೇರುಪೇಟೆಯಲ್ಲಿ ಹೆಚ್ಚಾಗಿ ಮುಟ್ಟುವ ಕೊಂಡಿ ಇದೇ. ದೇಶವನ್ನು 307 ಭೌಗೋಳಿಕ ಪ್ರದೇಶಗಳಾಗಿ ವಿಂಗಡಿಸಿ, ಪ್ರತಿಯೊಂದರಲ್ಲೂ ಒಂದು ಕಂಪನಿಗೆ ಜಾಲ ಹಾಕುವ ಹಕ್ಕು ಮತ್ತು ಕೆಲವು ವರ್ಷಗಳ ಏಕೈಕ ಮಾರಾಟದ ಹಕ್ಕು ಕೊಡಲಾಗಿದೆ. ಈ ವ್ಯವಹಾರದ ರಚನೆ ವಿಚಿತ್ರವಾದದ್ದು. ವಿತರಕರು ಗ್ರಾಹಕರಿಂದ ಪಡೆಯುವ ಬೆಲೆಯನ್ನು ನಿಗದಿ ಮಾಡುವ ಅಧಿಕಾರ ನಿಯಂತ್ರಣ ಮಂಡಳಿಗಿಲ್ಲವೆಂದು 2015ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ, ಹಾಗಾಗಿ ಮಾರುವ ಬೆಲೆ ಮುಕ್ತ. ಕೊಳ್ಳುವ ಅನಿಲದ ಒಂದು ಮುಖ್ಯ ಪಾಲು ಮಾತ್ರ ಒಎನ್‌ಜಿಸಿ ಮತ್ತು ಆಯಿಲ್ ಇಂಡಿಯಾದ ಹಳೆಯ ಬಾವಿಗಳಿಂದ, ಸರ್ಕಾರಿ ಬೆಲೆಯಲ್ಲಿ, ಆದ್ಯತೆಯ ಮೇಲೆ ಬರುತ್ತದೆ. ಕೊಳ್ಳುವ ಬೆಲೆ ಕಟ್ಟಿಹಾಕಿದ್ದು, ಮಾರುವ ಬೆಲೆ ಬಿಟ್ಟದ್ದು. ಇವೆರಡರ ನಡುವಿನ ಅಂತರದಲ್ಲಿ ಕಂಪನಿಯ ದಕ್ಷತೆ ಎಷ್ಟು, ಸರ್ಕಾರದ ಕೃಪೆ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟವಾಗಿತ್ತು. 2024ರ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಅದು ಬಯಲಾಯಿತು. ಹಳೆಯ ಬಾವಿಗಳ ಉತ್ಪಾದನೆ ಇಳಿಯುತ್ತಿದೆ, ಸಿಎನ್‌ಜಿ ಬೇಡಿಕೆ ಏರುತ್ತಿದೆ ಎಂಬ ಕಾರಣಕ್ಕೆ ಸರ್ಕಾರ ಸಿಎನ್‌ಜಿಗೆ ಕೊಡುತ್ತಿದ್ದ ಅಗ್ಗದ ಅನಿಲವನ್ನು ಎರಡು ಬಾರಿ ಕಡಿತಗೊಳಿಸಿತು. ದಿಲ್ಲಿಯ ಇಂದ್ರಪ್ರಸ್ಥ ಗ್ಯಾಸ್ ಮತ್ತು ಮುಂಬಯಿಯ ಮಹಾನಗರ ಗ್ಯಾಸ್ ಷೇರುಗಳು ತೀವ್ರವಾಗಿ ಕುಸಿದವು. ಇವಕ್ಕೆ ಮುಂದೆ ವಿದ್ಯುತ್ ಬಸ್ಸು, ವಿದ್ಯುತ್ ಆಟೋಗಳ ಪೈಪೋಟಿಯೂ ಕಾದಿದೆ.

ಬೆಲೆಯ ಸೂತ್ರವೂ ಈ ನಡುವೆ ಬದಲಾಗಿದೆ. ಅನಿಲದ ಬೆಲೆ ಪರಿಶೀಲಿಸಲು ಸರ್ಕಾರ ನೇಮಿಸಿದ ಕಿರೀಟ್ ಪಾರಿಖ್ ಸಮಿತಿಯ ವರದಿಯ ಆಧಾರದಲ್ಲಿ 2023ರ ಏಪ್ರಿಲ್‌ನಿಂದ ಹಳೆಯ ಬಾವಿಗಳ ಅನಿಲಕ್ಕೆ ಭಾರತ ಆಮದು ಮಾಡುವ ಕಚ್ಚಾತೈಲದ ಸರಾಸರಿ ಬೆಲೆಯ ಶೇ. 10ರಷ್ಟು ಸಿಗುತ್ತದೆ, 4 ಡಾಲರ್‌ಗಿಂತ ಕೆಳಗಿಳಿಯುವಂತಿಲ್ಲ, 6.5 ಡಾಲರ್ ಮೀರುವಂತಿಲ್ಲ. 2025ರಲ್ಲಿ ಆ ಮೇಲ್ಮಿತಿ 6.75 ಆಯಿತು. ಹೊಸದಾಗಿ ಕೊರೆದ ಬಾವಿಗಳಿಗೆ ಶೇ. 20 ಹೆಚ್ಚು. ಆಳಸಮುದ್ರದಂಥ ಕಠಿಣ ಕ್ಷೇತ್ರಗಳಿಗೆ 2016ರಿಂದಲೇ ಬೇರೆ, ಹೆಚ್ಚಿನ ಮೇಲ್ಮಿತಿಯಿದೆ. 1.79 ಡಾಲರಿನ ದುಃಸ್ವಪ್ನ ಮರುಕಳಿಸದು ಎಂಬುದು ಉತ್ಪಾದಕರಿಗೆ ಸಮಾಧಾನ. ಆದರೆ ಒಂದೇ ಮೀಥೇನ್ ಅಣುವಿಗೆ ಅದು ಹುಟ್ಟಿದ ಬಾವಿಯ ಜಾತಕ ನೋಡಿ ನಾಲ್ಕೈದು ಬೆಲೆ ಕಟ್ಟುವ ಪದ್ಧತಿ ಮುಂದುವರಿದಿದೆ. 2020ರ ಜೂನ್‌ನಲ್ಲಿ ಶುರುವಾದ ಭಾರತೀಯ ಅನಿಲ ವಿನಿಮಯ ಕೇಂದ್ರದಲ್ಲಿ ಮುಕ್ತ ವ್ಯಾಪಾರ ನಡೆಯುತ್ತದಾದರೂ, ದೇಶದ ಒಟ್ಟು ಬಳಕೆಯಲ್ಲಿ ಅದರ ಪಾಲು ಇನ್ನೂ ಚಿಕ್ಕದು.

ಬಳಕೆಯ ಹೆಚ್ಚುಕಡಿಮೆ ಅರ್ಧದಷ್ಟು ಅನಿಲ ಆಮದಾಗುವುದರಿಂದ ಒಪ್ಪಂದಗಳ ಗಟ್ಟಿತನವೂ ಮುಖ್ಯವಾಗುತ್ತದೆ. 2015ರಲ್ಲಿ ಮಾರುಕಟ್ಟೆ ಬೆಲೆ ಕುಸಿದಾಗ ಪೆಟ್ರೊನೆಟ್ ಕತಾರ್ ಜೊತೆಗಿನ ದೀರ್ಘಾವಧಿ ಒಪ್ಪಂದದ ಬೆಲೆಸೂತ್ರವನ್ನೇ ಬದಲಾಯಿಸಿಕೊಂಡಿತು; 2024ರಲ್ಲಿ ಅದೇ ಒಪ್ಪಂದವನ್ನು ವರ್ಷಕ್ಕೆ 75 ಲಕ್ಷ ಟನ್ನಿನ ಲೆಕ್ಕದಲ್ಲಿ 2048ರವರೆಗೆ ವಿಸ್ತರಿಸಿತು. 2022ರಲ್ಲಿ ರಷ್ಯಾದ ಅನಿಲ ಕಂಪನಿ ಗಾಜ್‌ಪ್ರಾಮ್‌ನ ಹಿಂದಿನ ಅಂಗಸಂಸ್ಥೆಯೊಂದು ಗೇಲ್‌ಗೆ ಕಳಿಸಬೇಕಾದ ಹಡಗುಗಳನ್ನೇ ನಿಲ್ಲಿಸಿತು. ಬೆಲೆ ಏರಿದ ಅದೇ ವರ್ಷ ಗುಜರಾತಿನ ಮೋರ್ಬಿಯ ಹೆಂಚು-ಟೈಲ್ಸ್ ಕಾರ್ಖಾನೆಗಳು ಅನಿಲ ಬಿಟ್ಟು ಪ್ರೊಪೇನ್‌ಗೆ ಹೊರಳಿದವು. ಭಾರತದಲ್ಲಿ ಅನಿಲದ ಬೇಡಿಕೆ ಬೆಲೆಯನ್ನು ಎಷ್ಟು ಬೇಗ ಹಿಂಬಾಲಿಸುತ್ತದೆಂದು ತಿಳಿಯಲು ಆ ಒಂದು ಪಟ್ಟಣವನ್ನು ಗಮನಿಸಿದರೆ ಸಾಕು. ಮುಂದಿನ ವರ್ಷಗಳಲ್ಲಿ ಕತಾರ್ ಮತ್ತು ಅಮೆರಿಕಗಳ ಹೊಸ ಸ್ಥಾವರಗಳಿಂದ ದ್ರವೀಕೃತ ಅನಿಲ ಹೇರಳವಾಗಿ ಬರಲಿದ್ದು, ಬೆಲೆ ಇಳಿದರೆ ಈ ಗ್ರಾಹಕರು ಹಿಂದಿರುಗುತ್ತಾರೆ. ಕಲ್ಲಿದ್ದಲಿನೆದುರು ಸೆಣಸಬೇಕಾದ ವಿದ್ಯುತ್ ಸ್ಥಾವರಗಳು ಸಂಜೆಯ ಗರಿಷ್ಠ ಬೇಡಿಕೆಯ ಹೊತ್ತಿಗಷ್ಟೇ ಹಿಂದಿರುಗಬಹುದು.

ಉಳಿದಿರುವ ಸುಧಾರಣೆಗಳಲ್ಲಿ ತೂಕದವು ಮೂರು. ಅನಿಲ ಇನ್ನೂ ಜಿಎಸ್‌ಟಿಯ ಹೊರಗಿದೆ; ರಾಜ್ಯದಿಂದ ರಾಜ್ಯಕ್ಕೆ ಮೌಲ್ಯವರ್ಧಿತ ತೆರಿಗೆ ಬೇರೆ ಬೇರೆ, ಕಾರ್ಖಾನೆಗಳು ಕಟ್ಟಿದ ಆ ತೆರಿಗೆಯನ್ನು ತಮ್ಮ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವಂತಿಲ್ಲ, ಆದಾಯ ಬಿಡಲು ರಾಜ್ಯಗಳು ಒಪ್ಪುತ್ತಿಲ್ಲ. ಗೇಲ್ ಸಂಸ್ಥೆ ದೇಶದ ಅತಿ ದೊಡ್ಡ ಕೊಳವೆ ಜಾಲದ ಒಡೆಯನೂ ಹೌದು, ಅತಿ ದೊಡ್ಡ ಅನಿಲ ವ್ಯಾಪಾರಿಯೂ ಹೌದು. ಕೊಳವೆಯ ಸಾಮರ್ಥ್ಯವನ್ನು ಎಲ್ಲರಿಗೂ ಸಮಾನವಾಗಿ ಹಂಚುವ ಸ್ವತಂತ್ರ ನಿರ್ವಾಹಕ ಸಂಸ್ಥೆಯನ್ನು 2021ರ ಬಜೆಟ್‌ನಲ್ಲಿ ಘೋಷಿಸಲಾಗಿತ್ತು. ಮೂರನೆಯದು ಬೆಲೆಯ ಪೂರ್ಣ ಬಿಡುಗಡೆ. ಹಳೆಯ ಬಾವಿಗಳ ಬೆಲೆಯನ್ನು 2027ರ ಜನವರಿಯಿಂದ ಮುಕ್ತಗೊಳಿಸಬೇಕೆಂದು ಪಾರಿಖ್ ಸಮಿತಿ ಹೇಳಿತ್ತು, ಆದರೆ ಸಂಪುಟ ಅಂಗೀಕರಿಸಿದ್ದು ವರ್ಷಕ್ಕೆ ಕಾಲು ಡಾಲರ್‌ನಂತೆ ಏರುವ ಮೇಲ್ಮಿತಿಯನ್ನು. ಈ ಹಿಂಜರಿಕೆಗೆ ಕಾರಣ ರಸಗೊಬ್ಬರದ ಲೆಕ್ಕದಲ್ಲಿ ಸಿಗುತ್ತದೆ. ಅನಿಲವನ್ನು ಅತಿ ಹೆಚ್ಚು ಬಳಸುವ ಉದ್ಯಮಗಳಲ್ಲಿ ಯೂರಿಯಾ ಕಾರ್ಖಾನೆಗಳು ಮೊದಲ ಸಾಲಿನವು, ರೈತರಿಗೆ 45 ಕಿಲೋ ಚೀಲ ಸಿಗುವುದು ಸುಮಾರು 242 ರೂಪಾಯಿ ಮೂಲಬೆಲೆಗೆ, ಉಳಿದ ಖರ್ಚು ಖಜಾನೆಯದು; ಅನಿಲದ ಬೆಲೆ ಒಂದು ಡಾಲರ್ ಏರಿದರೂ ಅದು ಸಹಾಯಧನದ ಬಾಬ್ತಿನಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಮೇಲ್ಮಿತಿ ಯಾವಾಗ ಹೋಗುತ್ತದೆಂದು ಅಂದಾಜಿಸಬಯಸುವ ಹೂಡಿಕೆದಾರರು ಪೆಟ್ರೋಲಿಯಂ ಸಚಿವಾಲಯದ ಹೇಳಿಕೆಗಳ ಜೊತೆಗೆ ಕೇಂದ್ರ ಬಜೆಟ್‌ನಲ್ಲಿ ಯೂರಿಯಾ ಸಹಾಯಧನಕ್ಕೆ ಎತ್ತಿಟ್ಟ ಮೊತ್ತವನ್ನೂ ಪ್ರತಿವರ್ಷ ನೋಡಬೇಕಾಗುತ್ತದೆ.