ಸಬ್‌ಅರೇ ಎಣಿಕೆ: ಋಣ ಸಂಖ್ಯೆ ಇದ್ದಾಗ ಯಾವ ದಾರಿ?

ಮಂಗಳೂರಿನಿಂದ ಉಡುಪಿಗೆ ಹೊರಟ ಬಸ್ಸಿನಲ್ಲಿ ಪ್ರತಿ ಸ್ಟಾಪಿನಲ್ಲೂ ಹತ್ತಿದವರಿಂದ ಇಳಿದವರನ್ನು ಕಳೆದು ಬರೆದಿಟ್ಟಿದ್ದಾರೆ ಎಂದುಕೊಳ್ಳಿ. ಸುರತ್ಕಲ್ 4, ಮೂಲ್ಕಿ -2, ಪಡುಬಿದ್ರಿ 3, ಕಾಪು -3, ಕಟಪಾಡಿ 2. ಒಂದರ ಪಕ್ಕ ಒಂದು ಇರುವ ಸ್ಟಾಪುಗಳನ್ನು ಕೂಡಿದಾಗ ಮೊತ್ತ 2 ಬರುವ ಸಬ್‌ಅರೇಗಳು (ಅರೇಯ, ಅಂದರೆ ಈ ಸಂಖ್ಯೆಗಳ ಸಾಲಿನ, ನಡುವೆ ಬಿಡದೆ ಬರುವ ತುಂಡುಗಳು) ಎಷ್ಟು?

ಎರಡು ಲೂಪ್ ಹಾಕಿದರೂ ಉತ್ತರ ಸಿಗುತ್ತದೆ. ಆದರೆ ಅರೇಯ ಉದ್ದ 1 ಲಕ್ಷವಾದರೆ ಸಬ್‌ಅರೇಗಳೇ ಸುಮಾರು 500 ಕೋಟಿ. ಸಮಯದ ಮಿತಿ ದಾಟುವುದು ಖಂಡಿತ. ಸ್ಲೈಡಿಂಗ್ ವಿಂಡೋಗೆ (ಎರಡು ತುದಿಗಳನ್ನು ಸರಿಸುತ್ತಾ ತುಂಡನ್ನು ಹಿಗ್ಗಿಸಿ ಕುಗ್ಗಿಸುವ ವಿಧಾನ) ಕೈ ಹಾಕುವ ಮೊದಲು -2, -3 ನೋಡಿ. ವಿಂಡೋ ಹಿಗ್ಗಿದರೆ ಮೊತ್ತ ಹೆಚ್ಚಬೇಕು, ಕುಗ್ಗಿದರೆ ಇಳಿಯಬೇಕು. ಋಣ ಸಂಖ್ಯೆ ಬಂದರೆ ಈ ಖಾತ್ರಿಯೇ ಇಲ್ಲ. ಎಲ್ಲವೂ ಧನ ಸಂಖ್ಯೆಯಾಗಿದ್ದರೆ ಮಾತ್ರ ಅದನ್ನು ನಂಬಿ.

ಇಲ್ಲಿ ಬೇಕಾದದ್ದು ಪ್ರಿಫಿಕ್ಸ್ ಮೊತ್ತ, ಅಂದರೆ ಮೊದಲಿನಿಂದ ಇಲ್ಲಿಯವರೆಗಿನ ಕೂಡಿಕೆ: 0, 4, 2, 5, 2, 4. ಎರಡು ಪ್ರಿಫಿಕ್ಸ್‌ಗಳ ವ್ಯತ್ಯಾಸವೇ ನಡುವಿನ ಸಬ್‌ಅರೇಯ ಮೊತ್ತ. ಹಾಗಾಗಿ ಪ್ರತಿ ಹೆಜ್ಜೆಯಲ್ಲೂ ಕೇಳಬೇಕಾದದ್ದು ಒಂದೇ: 'ಈಗಿನ ಮೊತ್ತ ಕಳೆ 2' ಈ ಮೊದಲು ಎಷ್ಟು ಸಲ ಬಂದಿದೆ? ಹ್ಯಾಶ್‌ಮ್ಯಾಪ್ (ಯಾವ ಮೊತ್ತ ಎಷ್ಟು ಸಲ ಬಂತೆಂದು ಬರೆದಿಡುವ ಪಟ್ಟಿ) ಇಡುವುದು ಆ ಲೆಕ್ಕಕ್ಕೇ. ಮೂಲ್ಕಿಯಲ್ಲಿ ಮೊತ್ತ 2, ಬೇಕಾದದ್ದು 0, ಒಂದು ಸಲ ಬಂದಿದೆ. ಕಾಪುವಿನಲ್ಲೂ ಹಾಗೇ, ಇನ್ನೊಂದು. ಕಟಪಾಡಿಯಲ್ಲಿ ಮೊತ್ತ 4, ಬೇಕಾದ 2 ಎರಡು ಸಲ ಬಂದಿದೆ. ಒಟ್ಟು 4.

ತಪ್ಪುವುದು ಹೆಚ್ಚಾಗಿ ಶುರುವಿನಲ್ಲೇ. ಮ್ಯಾಪಿನಲ್ಲಿ 0ಗೆ 1 ಎಂದು ಮೊದಲೇ ಬರೆಯದಿದ್ದರೆ ಸುರತ್ಕಲ್‌ನಿಂದ ಆರಂಭವಾಗುವ ಎರಡೂ ಸಬ್‌ಅರೇಗಳು ಬಿಟ್ಟುಹೋಗಿ ಉತ್ತರ 2ಕ್ಕೆ ನಿಲ್ಲುತ್ತದೆ. ಇನ್ನು, ಮೊದಲು ಹುಡುಕಿ, ಆಮೇಲೆ ಸೇರಿಸಿ. ಈ ಕ್ರಮ ತಿರುಗಿದರೆ ಗುರಿ (ಹುಡುಕುವ ಮೊತ್ತ) 0 ಇದ್ದಾಗ ಖಾಲಿ ಸಬ್‌ಅರೇಯೂ ಪ್ರತಿ ಹೆಜ್ಜೆಗೂ ಲೆಕ್ಕಕ್ಕೆ ಬರುತ್ತದೆ. (ಗುರಿ 2 ಇರುವ ಟೆಸ್ಟಿನಲ್ಲಿ ಈ ತಪ್ಪು ಕಾಣಿಸುವುದೇ ಇಲ್ಲ, ಅದಕ್ಕೇ 0 ಇಟ್ಟು ಒಮ್ಮೆ ಓಡಿಸಿ.) ಸಿ ಪ್ಲಸ್ ಪ್ಲಸ್‌ನಲ್ಲಿ ಚೌಕ ಆವರಣ ಹಾಕಿ ಮ್ಯಾಪನ್ನು ಓದಿದರೆ ಇಲ್ಲದ ಕೀಲಿಯೂ ಸೃಷ್ಟಿಯಾಗಿ ಮೆಮೊರಿ ಉಬ್ಬುತ್ತದೆ, ಬದಲಿಗೆ ಫೈಂಡ್ (find) ಫಂಕ್ಷನ್ ಬಳಸಿ.

ಎಲ್ಲ ಅಂಶವೂ 0, ಗುರಿಯೂ 0 ಆದರೆ ಉದ್ದ 65,536ಕ್ಕೇ ಉತ್ತರ 32 ಬಿಟ್ ಇಂಟಿನ ಮಿತಿ 2,14,74,83,647 ದಾಟುತ್ತದೆ. ಎಣಿಕೆಗೆ 64 ಬಿಟ್ ಇಡಿ.

ಮೊತ್ತವು 5ರಿಂದ ಭಾಗವಾಗುವ ಸಬ್‌ಅರೇ ಕೇಳಿದರೆ ಮೊತ್ತದ ಬದಲು ಶೇಷವನ್ನು ಎಣಿಸಿ: ಒಂದೇ ಶೇಷವಿರುವ ಎರಡು ಪ್ರಿಫಿಕ್ಸ್‌ಗಳ ವ್ಯತ್ಯಾಸ 5ರಿಂದ ಭಾಗವಾಗುತ್ತದೆ. ಮ್ಯಾಪೂ ಬೇಡ, 5 ಮನೆಗಳ ಅರೇ ಸಾಕು. ಜಾವಾದಲ್ಲಿ -7ರ ಶೇಷ -2 ಬರುತ್ತದೆ, ಪೈಥಾನ್‌ನಲ್ಲಿ 3. ಜಾವಾದವರು ಶೇಷಕ್ಕೆ 5 ಕೂಡಿಸಿ ಮತ್ತೆ ಶೇಷ ತೆಗೆಯಬೇಕು.