ಮುರುಗೋಡಿನ ಲೆಕ್ಕ ತೀರ್ಮಾನವಾಗುವುದು ಜೂನ್‌ನಲ್ಲಿ

ಬೇಸಿಗೆಯಲ್ಲಿ ಕೆರೆ ಬರೀ ಕೆಸರಾದರೂ ಮುರುಗೋಡು ಮೀನು ಸುಲಭಕ್ಕೆ ಸಾಯುವುದಿಲ್ಲ. ಅದರ ಕಿವಿರಿನ ಮೇಲೆ ಕವಲುಕವಲಾದ ಉಸಿರಾಟದ ಅಂಗವೊಂದಿದೆ. ಮೇಲೆ ಬಂದು ಗಾಳಿ ನುಂಗಿ ಕೆಳಗಿಳಿಯುತ್ತದೆ. ಚೇಳು ಮೀನಿಗೆ ಅದೇ ಕೆಲಸಕ್ಕೆ ಬಾಲದ ಕಡೆಗೆ ಚಾಚಿದ ಎರಡು ಗಾಳಿಚೀಲಗಳಿವೆ. ಬಾಳೆ ಮೀನಿಗೆ ಈ ಅನುಕೂಲವಿಲ್ಲ, ಅದಕ್ಕೆ ಹೊಳೆ ಅಥವಾ ಜಲಾಶಯದ ತೆರೆದ ನೀರೇ ಬೇಕು. ಹಾಗಾಗಿ ಕೊಡಗಿನ ತೋಟದ ಕೆರೆಗಳಲ್ಲಿ ಮುರುಗೋಡು ಕಡಿಮೆಯಾದರೆ ಕಾರಣವನ್ನು ಹುಡುಕಬೇಕಾದ್ದು ಬಲಿತ ಮೀನಿನಲ್ಲಲ್ಲ, ಮರಿಯಲ್ಲಿ.

ಮೊಟ್ಟೆಯೊಡೆದು ಸುಮಾರು 10–12 ದಿನದವರೆಗೆ ಮರಿಗೆ ಗಾಳಿ ಉಸಿರಾಡುವ ಅಂಗ ಕೆಲಸ ಮಾಡುವುದಿಲ್ಲ. ಆಗ ಅದು ನೀರಿನಲ್ಲಿ ಕರಗಿದ ಆಮ್ಲಜನಕವನ್ನೇ ನಂಬಿ ಬದುಕಬೇಕು. 25 ಡಿಗ್ರಿ ನೀರು ಸಮುದ್ರಮಟ್ಟದಲ್ಲಿ ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ, 900 ಮೀಟರ್ ಎತ್ತರದಲ್ಲಿ 7.4ರಷ್ಟೇ ಹಿಡಿಯುತ್ತದೆ. ಸಂಖ್ಯೆಯೂ ಮುರುಗೋಡಿಗೆ ವಿರುದ್ಧ. ಒಂದು ಕಿಲೋ ತೂಕದ ರೋಹು ಎರಡು ಮೂರು ಲಕ್ಷ ಮೊಟ್ಟೆ ಇಡಬಲ್ಲದು. ಮುರುಗೋಡಿನದು ಕೆಲವೇ ಸಾವಿರ. ಆ ಕೊರತೆಯನ್ನು ಅದು ಕಾವಲಿನಿಂದ ತುಂಬಿಕೊಳ್ಳುತ್ತದೆ: ಗದ್ದೆಬದಿಯ ತೆಳುನೀರಿನ ಗುಂಡಿಯಲ್ಲಿ ಮೊಟ್ಟೆಯಿಟ್ಟ ಮೇಲೆ ಗಂಡು ಅಲ್ಲೇ ಕಾಯುತ್ತದೆ. ಬೆಚ್ಚಗಿನ ನೀರಿನಲ್ಲಿ ಒಂದು ದಿನ ಕಳೆಯುತ್ತಲೇ ಮೊಟ್ಟೆ ಒಡೆಯುತ್ತವೆ.

ಅಂದರೆ ಮುಂಗಾರಿನ ಮೊದಲ ನೀರಿಗೆ ಮೀನು ಕೆರೆಯಿಂದ ಗದ್ದೆಗೆ ಹತ್ತಲೇಬೇಕು. ಇಲ್ಲೇ ದಾರಿ ಕಟ್ಟಾಗುವುದು. ಗದ್ದೆ ಶುಂಠಿಯ ಪಟ್ಟೆಯಾಗಿರುತ್ತದೆ, ಇಲ್ಲವೇ ಮಣ್ಣು ತುಂಬಿ ಅಡಿಕೆ ನೆಟ್ಟಿರುತ್ತಾರೆ. ಗದ್ದೆ ಉಳಿದ ಕಡೆಯೂ ಕೋಡಿಗೆ ಕಾಂಕ್ರೀಟಿನ ನೇರ ಗೋಡೆ ಎದ್ದಿರುತ್ತದೆ. ತೋಯ್ದ ನೆಲದ ಮೇಲೆ ಮುರುಗೋಡು ತೆವಳಬಲ್ಲದು, ಆದರೆ ಮೊಣಕಾಲೆತ್ತರದ ಗೋಡೆ ಹಾರಲಾರದು. ಕಲ್ಲು ಜೋಡಿಸಿದ ಇಳಿಜಾರು ಮಾಡಿದರೆ ಸಾಕು, ಖರ್ಚು ದೊಡ್ಡದಲ್ಲ. ಹೀಗೆ ಗದ್ದೆಗೆ ಹತ್ತುವ ಮೀನಿಗೆ ಅದೇ ಕೋಡಿಯ ಬಾಯಲ್ಲಿ ಕೂಣಿ (ಮೀನು ಹಿಡಿಯುವ ಬುಟ್ಟಿ) ಇಡುವುದೂ ನಿಲ್ಲಬೇಕು. ಕನಿಷ್ಠ ಮೊದಲ ಮೂರು ವಾರ. ಆ ಹೊತ್ತಿಗೆ ಸಿಕ್ಕುವುದು ಹೆಚ್ಚಾಗಿ ಮೊಟ್ಟೆಯಿಡಲು ಹೊರಟ ಮೀನುಗಳೇ.

ಎರಡನೆಯ ತೊಡಕು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಎಲೆತುಕ್ಕು ರೋಗಕ್ಕೆಂದು ಕಾಫಿಗೆ ಮಳೆಗೆ ಮುಂಚೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುತ್ತಾರೆ, ಮೊದಲ ಮಳೆಗೆ ಅದರ ತಾಮ್ರ ಹರಿಯುವುದು ಮರಿ ಒಡೆಯುವ ವೇಳೆಗೇ. ತಾಮ್ರದ ವಿಷ ನೀರಿನ ಗಡಸುತನವನ್ನು ಅವಲಂಬಿಸಿದೆ. ಸುಣ್ಣದಂಶ ಹೆಚ್ಚಿರುವ ನೀರಿನಲ್ಲಿ ಅದು ಬಹುಪಾಲು ನಿರಪಾಯವಾಗುತ್ತದೆ. ಕೊಡಗಿನಂಥ ಮಳೆನೀರಿನ ಮೆದು ಕೆರೆಗಳಲ್ಲಿ ನೇರ ಕಿವಿರಿಗೆ ಅಂಟುತ್ತದೆ. ಕ್ಷಾರತೆ ಲೀಟರಿಗೆ 50 ಮಿಲಿಗ್ರಾಂಗಿಂತ ಕಡಿಮೆ ಇರುವ ಕೊಳಕ್ಕೆ ಪಾಚಿ ಕೊಲ್ಲಲು ಸಹ ಮೈಲುತುತ್ತ ಹಾಕಬಾರದೆಂಬುದು ಮೀನು ಸಾಕುವವರ ನಿಯಮ. ಡ್ರಮ್ಮು, ಸ್ಪ್ರೇಯರ್ ತೊಳೆದ ನೀರು ಕೆರೆಗೆ ಇಳಿಯದಿರಲಿ. ದಂಡೆಯ ಒಂದೆರಡು ಸಾಲು ಗಿಡ ಬಿಟ್ಟು ಹೊಡೆದರೂ ವ್ಯತ್ಯಾಸವಾಗುತ್ತದೆ.

ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದಿಂದ ಬರುವ ಪಲ್ಪರ್ ನೀರಿನ ಕತೆ ಬೇರೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಹರಿಯುವ ಈ ಹುಳಿ ನೀರಿನ ಸಕ್ಕರೆ ಕೊಳೆಯುತ್ತ ಆಮ್ಲಜನಕವನ್ನು ಹೀರುತ್ತದೆ. ಮುರುಗೋಡು ಗಾಳಿ ನುಂಗಿ ಬದುಕುತ್ತದೆ, ಆದರೆ ಅದರ ಆಹಾರವಾದ ಸೀಗಡಿ, ಕೀಟದ ಮರಿಗಳು ಸಾಯುತ್ತವೆ. ಈ ನೀರನ್ನು ಗುಂಡಿಯಲ್ಲಿ ಸುಣ್ಣ ಹಾಕಿ ತಡೆಯುವುದು ಅನಿವಾರ್ಯ.

ಅದರ ಬೆನ್ನಿಗೇ ಕಾಫಿ ಹೂ ಅರಳಿಸುವ ಹೂಮಳೆ ತಡವಾಗುತ್ತದೆ, ಕೆರೆನೀರಿನಲ್ಲೇ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ತಿರುಗುತ್ತದೆ, ಕೆರೆ ತಳ ಕಾಣುತ್ತದೆ. ಆಗ ಕೆಸರು ಅಗೆದು ಮೀನು ಹಿಡಿದರೆ ಜೂನ್‌ಗೆ ಮೊಟ್ಟೆಯಿಡುವ ಮೀನೇ ಉಳಿಯದು. ತೂಬಿನಿಂದ ದೂರದ ಮೂಲೆಯಲ್ಲಿ ಒಂದು ಆಳವಾದ ಗುಂಡಿ ಬಿಟ್ಟು, ಅದರ ನೀರಿಗೆ ಪಂಪಿನ ಪೈಪು ಹಾಕದಿರುವುದು ಒಳ್ಳೆಯದು. ಗುಂಡಿಯ ಮೇಲೆ ಜಲಕಳೆ ದಟ್ಟವಾಗಿ ಹೆಣೆದುಕೊಂಡರೂ ಅಪಾಯ: ಮೇಲೆ ಬರಲಾಗದ ಮುರುಗೋಡು ನೀರಿನಲ್ಲೇ ಉಸಿರುಕಟ್ಟಿ ಸಾಯುತ್ತದೆ.

ಖಾಲಿಯಾದ ಕೆರೆಗೆ ಆಫ್ರಿಕನ್ ಕ್ಯಾಟ್‌ಫಿಶ್ ಮರಿ ತಂದು ಬಿಡುವುದು ಮಾತ್ರ ಬೇಡ. ಅದರ ಸಾಕಣೆ ದೇಶದಲ್ಲಿ ನಿಷಿದ್ಧ; ಮೀಟರಿಗೂ ಮಿಕ್ಕಿ ಬೆಳೆಯುವ ಅದು ಕೋಡಿ ದಾಟಿ ಕಾವೇರಿ ಸೇರಿತೆಂದರೆ ಹಿಂದಕ್ಕೆ ಹಿಡಿದು ತರಲಾಗದು.